ಕಥೆ ಬರೆದವರ ಹೆಸರನ್ನು ಕತ್ತರಿಸಬೇಡಿ

ಕನ್ನಡ ಸಿನಿಮಾ ವಾಹಿನಿಗಳಲ್ಲಿ ದಿನದ ಚಿತ್ರಗಳನ್ನು ಆರಿಸುವವರಿಗೆ ಮತ್ತು ಅವನ್ನು ಪ್ರಸಾರಕ್ಕೆ ಸಿದ್ಧಪಡಿಸುವವರಿಗೆ ಒಂದು ಬಹಿರಂಗ ಪತ್ರ



ಚಿತ್ರದುರ್ಗದ ಪಕ್ಕದ ಮದಕರಿಪುರದಿಂದ ಈ ಪತ್ರ ಬರೆಯುತ್ತಿದ್ದೇನೆ. ದುರ್ಗವನ್ನಾಳಿದ ನಾಯಕರ ಹೆಸರನ್ನೇ ಹೊತ್ತ ಊರು ನಮ್ಮದು. ಕಳೆದ ಭಾನುವಾರ ಬೆಳಿಗ್ಗೆಯಿಂದ ರಾತ್ರಿಯವರೆಗೆ ನಮ್ಮ ಮನೆಮಂದಿಯೆಲ್ಲ ನೀವು ತೋರಿಸಿದ ಸಿನಿಮಾಗಳನ್ನು ನೋಡಿದೆವು. ಒಂದು ವಾಹಿನಿಯಲ್ಲಿ ಜಾಹೀರಾತು ಬಂದರೆ ಇನ್ನೊಂದಕ್ಕೆ ಹೋಗಿ, ಅಲ್ಲಿಂದ ಮತ್ತೊಂದಕ್ಕೆ ಹೋಗಿ, ಹಳೆಯದು ಹೊಸದು ಎನ್ನದೆ ನೋಡಿದೆವು. ಒಣಗಿಸಿದ ಶೇಂಗಾ ನಡುಮನೆಯಲ್ಲಿ ರಾಶಿ ಬಿದ್ದಿತ್ತು. ಬಿತ್ತನೆ ಬೀಜಕ್ಕೆ ಅದನ್ನು ಸುಲಿಯುವ ಕೆಲಸ ಕೈಗೆ, ಸಿನಿಮಾ ಕಣ್ಣಿಗೆ. ನಮ್ಮ ಕಡೆಯ ಎಷ್ಟೋ ಮನೆಗಳಲ್ಲಿ ಭಾನುವಾರ ಕಳೆಯುವುದು ಹೀಗೆಯೇ.

ಅಷ್ಟು ಸಿನಿಮಾ ನೋಡಿದರೂ ಕಥೆ ಯಾರದು, ನಿರ್ದೇಶನ ಯಾರದು, ಯಾವ ವರ್ಷದ ಚಿತ್ರ ಎಂಬುದನ್ನು ಪರದೆ ನಮಗೆ ಒಮ್ಮೆಯೂ ಹೇಳಲಿಲ್ಲ. ಆರಂಭದ ಹೆಸರುಗಳು ಇರಲಿಲ್ಲ. ಕೊನೆಯಲ್ಲಿ ‘ಶುಭಂ’ ಬರುವ ಮೊದಲೇ ಮುಂದಿನ ಚಿತ್ರದ ಜಾಹೀರಾತು ಬಂದುಬಿಡುತ್ತಿತ್ತು. ಈ ಪತ್ರ ಬರೆಯಲು ಕಾರಣ ಅದು. ಸಿನಿಮಾದ ಜೊತೆಗೆ ಅದನ್ನು ಮಾಡಿದವರ ಹೆಸರುಗಳನ್ನೂ ತೋರಿಸಿ ಎಂದು ಕೇಳಿಕೊಳ್ಳುತ್ತಿದ್ದೇನೆ. ಇದು ನಮ್ಮ ಜಿಲ್ಲೆಗೆ ಎಷ್ಟು ದೊಡ್ಡ ಮಾತು ಎಂಬುದನ್ನು ನಿಮಗೆ ವಿವರಿಸಿ ಹೇಳಬೇಕಿದೆ.

ಬೆಳಿಗ್ಗೆ ‘ಸತ್ಯ ಹರಿಶ್ಚಂದ್ರ’ ಇತ್ತು. ಹುಣಸೂರು ಕೃಷ್ಣಮೂರ್ತಿಯವರು 1965ರಲ್ಲಿ ಕಪ್ಪು ಬಿಳುಪಿನಲ್ಲಿ ತೆಗೆದ ಈ ಚಿತ್ರಕ್ಕೆ 2008ರಲ್ಲಿ ಬಣ್ಣ ತುಂಬಿ ಮತ್ತೆ ಬಿಡುಗಡೆ ಮಾಡಿದರು. ನಮ್ಮವ್ವ ಇದನ್ನು ಹುಡುಗಿಯಾಗಿದ್ದಾಗ ಟೆಂಟಿನಲ್ಲಿ ಕೂತು ನೋಡಿದವಳು. ಸ್ಮಶಾನದ ವೀರಬಾಹು ಬಂದ ಕೂಡಲೇ “ಎಂ.ಪಿ. ಶಂಕರ್, ‘ಗಂಧದ ಗುಡಿ’ ಮಾಡಿದೋರು” ಎಂದಳು. ವಿಶ್ವಾಮಿತ್ರನಿಗೆ ಉದಯಕುಮಾರ್, ನಕ್ಷತ್ರಿಕನಿಗೆ ನರಸಿಂಹರಾಜು, ಚಂದ್ರಮತಿಗೆ ಪಂಢರಿಬಾಯಿ ಎಂದು ಒಬ್ಬೊಬ್ಬರನ್ನೇ ಗುರುತು ಹಿಡಿದು ಹೇಳುತ್ತಾ ಹೋದಳು. ಅವ್ವ ಮೂರನೆಯ ತರಗತಿಗೆ ಶಾಲೆ ಬಿಟ್ಟವಳು. ಪತ್ರಿಕೆ ಓದುವ ಅಭ್ಯಾಸ ಅವಳಿಗೆ ಯಾವತ್ತೂ ಇರಲಿಲ್ಲ. ವೀರಬಾಹು ಆದವರೇ ‘ಗಂಧದ ಗುಡಿ’ಯ ನಿರ್ಮಾಪಕರು ಎಂದು ಅವಳಿಗೆ ಹೇಗೆ ತಿಳಿಯಿತು ಎಂದು ಕೇಳಿದೆ.

“ಆವಾಗ ಹೆಸ್ರು ಹಾಕೋರು ಕಣಪ್ಪ. ನಮ್ಮಕ್ಕ ಜೋರಾಗಿ ಓದೋಳು, ನಾವೆಲ್ಲ ಕೇಳೋರು.”

ಟೆಂಟಿನಲ್ಲಿ ಹೆಸರು ಬರುವಾಗ ಓದು ಬಲ್ಲವರು ಓದಿ ಹೇಳಬೇಕಿತ್ತು. ಅಕ್ಷರ ಕಲಿಯುತ್ತಿದ್ದ ಮಕ್ಕಳು ಪರದೆಯ ಮೇಲಿನ ದಪ್ಪಕ್ಷರಗಳನ್ನು ಕೂಡಿಸಿ ಕೂಡಿಸಿ ಓದುತ್ತಿದ್ದರು. ‘ಕಥೆ’, ‘ಗೀತರಚನೆ’, ‘ಛಾಯಾಗ್ರಹಣ’, ‘ಸಂಕಲನ’ ಎಂಬ ಮಾತುಗಳನ್ನು ನಮ್ಮ ಹಳ್ಳಿಯ ಜನ ಮೊದಲು ಕಂಡದ್ದು ಅಲ್ಲಿ. ಸಿನಿಮಾ ಎಂದರೆ ರಾಜ್‌ಕುಮಾರ್ ಒಬ್ಬರೇ ಅಲ್ಲ, ಹಾಡು ಬರೆಯುವವರು ಬೇರೆ, ಕಥೆ ಬರೆಯುವವರು ಬೇರೆ, ಕ್ಯಾಮೆರಾ ಹಿಡಿಯುವವರು ಬೇರೆ ಎಂಬ ತಿಳಿವಳಿಕೆ ಅವರಿಗೆ ಬಂದದ್ದು ಆ ಎರಡು ಮೂರು ನಿಮಿಷಗಳಲ್ಲಿ. ಅದೇ ಎರಡು ಮೂರು ನಿಮಿಷ ಈಗ ನಿಮ್ಮ ಸಂಕಲನದ ಕೋಣೆಯಲ್ಲಿ ಮೊದಲು ಹೋಗುತ್ತದೆ.

ಟಿವಿ ಬಂದ ಮೊದಲ ಕಾಲದಲ್ಲಿ ಹೀಗಿರಲಿಲ್ಲ. ಬೆಂಗಳೂರು ದೂರದರ್ಶನ ಕೇಂದ್ರ 1981ರಲ್ಲಿ ಆರಂಭವಾಯಿತು. ನಮ್ಮ ಕಡೆಯ ಊರುಗಳಿಗೆ ಟಿವಿ ಬಂದದ್ದು ಅದಾಗಿ ಕೆಲವು ವರ್ಷಗಳಿಗೆ. ಕೇರಿಯಲ್ಲಿ ಯಾರ ಮನೆಯಲ್ಲಿ ಟಿವಿ ಇದೆಯೋ ಅವರ ಮನೆಯ ಅಂಗಳದವರೆಗೂ ಭಾನುವಾರದ ಕನ್ನಡ ಚಿತ್ರಕ್ಕೆ ಜನ ಕೂರುತ್ತಿದ್ದರು. ಚಿತ್ರಕ್ಕೆ ಮೊದಲು ನಿರೂಪಕಿ ಬಂದು ಈ ದಿನದ ಚಿತ್ರ ಯಾವುದು, ನಿರ್ದೇಶಕರು ಯಾರು, ತಾರಾಗಣದಲ್ಲಿ ಯಾರಿದ್ದಾರೆ ಎಂದು ಅಚ್ಚುಕಟ್ಟಾಗಿ ಹೇಳುತ್ತಿದ್ದರು. ಆ ಕಾಲದ ನಿರೂಪಕಿಯರಲ್ಲಿ ಅಪರ್ಣಾ ಅವರನ್ನು ಕನ್ನಡಿಗರು ಮರೆಯುವಂತಿಲ್ಲ. 2024ರ ಜುಲೈಯಲ್ಲಿ ಅವರು ತೀರಿಕೊಂಡಾಗ ಸ್ವಂತ ಮನೆಯವರೇ ಹೋದಷ್ಟು ಸಂಕಟ ನಮ್ಮ ಮನೆಯಲ್ಲಾಯಿತು. ಅವರು ಚಿತ್ರರಂಗಕ್ಕೆ ಬಂದದ್ದು ‘ಮಸಣದ ಹೂವು’ ಚಿತ್ರದ ಮೂಲಕ. ಅದು ಪುಟ್ಟಣ್ಣ ಕಣಗಾಲರ ಕೊನೆಯ ಚಿತ್ರವೆಂದು ಹೆಸರಾದದ್ದು. ಕಥೆ ತ.ರಾ.ಸು. ಅವರದು. ನಮ್ಮ ಚಳ್ಳಕೆರೆ ತಾಲ್ಲೂಕಿನ ತಳುಕಿನ ಮನೆತನದ ತ.ರಾ.ಸು.

1994ರ ಜೂನ್‌ನಲ್ಲಿ ಉದಯ ಟಿವಿ ಬಂದ ಮೇಲೆ ಸಿನಿಮಾ ಭಾನುವಾರಕ್ಕಷ್ಟೇ ಕಾಯುವ ಸಂಗತಿಯಾಗಿ ಉಳಿಯಲಿಲ್ಲ. ಈಗಂತೂ ಇಡೀ ದಿನ ಸಿನಿಮಾ ಬಿಟ್ಟರೆ ಬೇರೇನೂ ತೋರಿಸದ ಕನ್ನಡ ವಾಹಿನಿಗಳೇ ಹಲವಿವೆ. ಇದಕ್ಕಾಗಿ ನಿಮಗೆ ಮನಸಾರೆ ಕೃತಜ್ಞತೆ ಹೇಳುತ್ತೇನೆ. ಊರಿನ ಟೆಂಟುಗಳು ಹೋದವು, ತಾಲ್ಲೂಕು ಕೇಂದ್ರಗಳ ಚಿತ್ರಮಂದಿರಗಳು ಒಂದೊಂದಾಗಿ ಕಲ್ಯಾಣ ಮಂಟಪಗಳಾದವು. 1934ರ ‘ಸತಿ ಸುಲೋಚನ’ ಕನ್ನಡದ ಮೊದಲ ವಾಕ್ಚಿತ್ರ. ಅದರ ಒಂದು ಪ್ರತಿಯೂ ಇಂದು ಉಳಿದಿಲ್ಲ. ಆಮೇಲಿನ ಎಷ್ಟೋ ಚಿತ್ರಗಳು ಜನರ ಕಣ್ಣಿಗೆ ಬೀಳುತ್ತಿರುವುದು ನಿಮ್ಮ ವಾಹಿನಿಗಳಲ್ಲಿ ಮಾತ್ರ. ಹಿರಿಯೂರಿನ ತೋಟದ ಮನೆಯಲ್ಲಾಗಲಿ ಹೊಸದುರ್ಗದ ಹಟ್ಟಿಯಲ್ಲಾಗಲಿ ಒಬ್ಬ ಹುಡುಗ ಕಲ್ಪನಾ ಅವರನ್ನೋ ಕೆ.ಎಸ್. ಅಶ್ವಥ್ ಅವರನ್ನೋ ಮೊದಲ ಸಲ ನೋಡುತ್ತಾನಾದರೆ ನಿಮ್ಮಿಂದಲೇ ನೋಡುತ್ತಾನೆ. ಕನ್ನಡ ಸಿನಿಮಾದ ಸಾರ್ವಜನಿಕ ಗ್ರಂಥಾಲಯ ಈಗ ನಿಮ್ಮ ಕೈಯಲ್ಲಿದೆ. ಗ್ರಂಥಾಲಯದಲ್ಲಿ ಪುಸ್ತಕದ ಮೊದಲ ಹಾಳೆ ಹರಿದಿಡುವ ಪದ್ಧತಿ ಎಲ್ಲಾದರೂ ಇದೆಯೇ?

ಮಧ್ಯಾಹ್ನದ ಊಟದ ಹೊತ್ತಿಗೆ ‘ಯಜಮಾನ’. 2000ದ ಚಿತ್ರ. ವಿಷ್ಣುವರ್ಧನ್ ದ್ವಿಪಾತ್ರ. ನಮ್ಮ ಮನೆಯಲ್ಲಿ ಅದು ಎಷ್ಟನೆಯ ಸಲವೋ ಲೆಕ್ಕವಿಲ್ಲ. ಪಕ್ಕದ ಮನೆಯ ದೊಡ್ಡಮ್ಮ ಮುದ್ದೆ ಮುರಿಯುವುದನ್ನು ನಿಲ್ಲಿಸಿ ಸೆರಗಿನಲ್ಲಿ ಕಣ್ಣೊರೆಸಿಕೊಂಡರು. ಅದು ತಮಿಳಿನ ‘ವಾನತ್ತೈಪ್ಪೋಲ’ ಚಿತ್ರದ ಕನ್ನಡ ರೂಪ ಎಂದು ಹೇಳಿದರೆ ಅವರ ಕಣ್ಣೀರೇನೂ ಕಡಿಮೆಯಾಗದು. ತಿಳಿದುಕೊಂಡು ಅಳುವುದಕ್ಕೂ ಜನಕ್ಕೆ ಬರುತ್ತದೆ.

ಅದು ಮುಗಿದ ಮೇಲೆ ಮಕ್ಕಳ ಸರದಿ. ತೆಲುಗಿನಿಂದ ಡಬ್ ಮಾಡಿದ ಹೊಡೆದಾಟದ ಚಿತ್ರವೊಂದನ್ನು ಹಾಕಿಕೊಂಡರು. ಕನ್ನಡದಲ್ಲಿ ಡಬ್ಬಿಂಗ್ ಬೇಡವೆಂದು 1960ರ ದಶಕದಲ್ಲಿ ಅ.ನ.ಕೃ. ಅಂಥ ಸಾಹಿತಿಗಳೂ ರಾಜ್‌ಕುಮಾರ್ ಅವರೂ ನಿಂತು ಹೋರಾಡಿದ್ದು ನನಗೆ ಗೊತ್ತು. ಆ ಹೊತ್ತಿಗೆ ಕನ್ನಡ ಚಿತ್ರರಂಗಕ್ಕೆ ಕಾಲೂರಲು ಜಾಗ ಬೇಕಿತ್ತು, ಅವರು ಮಾಡಿದ್ದು ಸರಿ. 2015ರಲ್ಲಿ ಭಾರತೀಯ ಸ್ಪರ್ಧಾ ಆಯೋಗದ ಆದೇಶ ಬಂದು, 2017ರಿಂದ ಡಬ್ ಆದ ಚಿತ್ರಗಳು ಚಿತ್ರಮಂದಿರಗಳಿಗೂ ಬಂದವು. ನನ್ನ ಮಟ್ಟಿಗೆ ಹೇಳುವುದಾದರೆ ನಮ್ಮ ಮಕ್ಕಳು ಪರಭಾಷೆಯ ಚಿತ್ರವನ್ನು ಕನ್ನಡದಲ್ಲಿ ಕೇಳುವುದು ಒಳ್ಳೆಯದೇ. ಆದರೆ ಕನ್ನಡದಲ್ಲಿ ಅದಕ್ಕೊಂದು ಹೊಸ ಹೆಸರಿಟ್ಟು, ಮೂಲದ ಹೆಸರನ್ನು ಎಲ್ಲೂ ತೋರಿಸದೆ ಬಿಟ್ಟರೆ ಮಗು ಏನೆಂದು ತಿಳಿಯಬೇಕು? ಇದಕ್ಕಿಂತಲೂ ನನಗೆ ನೋವಾದದ್ದು ಇನ್ನೊಂದು ಕಾರಣಕ್ಕೆ. ಆ ಚಿತ್ರದ ನಾಯಕನಿಗೆ ಕನ್ನಡದ ದನಿ ಕೊಟ್ಟವರ ಉಚ್ಚಾರ ಬಹಳ ಚೆನ್ನಾಗಿತ್ತು. ತೆಲುಗಿನ ತುಟಿಚಲನೆಗೆ ಕನ್ನಡದ ಮಾತು ಕೂರಿಸುವುದು ಸುಲಭದ ಕೆಲಸವಲ್ಲ, ಒಳ್ಳೆಯ ಭಾಷೆ ಬಲ್ಲವರು ಯಾರೋ ಕೂತು ಅದನ್ನು ಬರೆದಿದ್ದಾರೆ. ಅವರಿಬ್ಬರೂ ಕನ್ನಡದ ಕೆಲಸ ಮಾಡಿದ ಕನ್ನಡದ ಜನ. ಅವರ ಹೆಸರೂ ಇಲ್ಲ. ತೆಲುಗಿನ ನಿರ್ದೇಶಕರ ಹೆಸರನ್ನಾದರೂ ಬೇರೆ ಕಡೆ ಹುಡುಕಿ ತಿಳಿಯಬಹುದು. ಈ ದನಿಯ ಹೆಸರನ್ನು ನಾವು ಎಲ್ಲಿ ಹುಡುಕೋಣ?

ಸಂಜೆ ‘ನಾಗರಹಾವು’ ಬಂತು.

ಅದು ಬರುತ್ತದೆ ಎಂದು ಬೆಳಿಗ್ಗೆಯಿಂದ ಪರದೆಯ ಕೆಳಗೆ ಪಟ್ಟಿ ಓಡುತ್ತಿತ್ತು. ಹಾಗಾಗಿ ಮಂಡಕ್ಕಿ, ಮೆಣಸಿನಕಾಯಿ ಬೋಂಡಾ ಎಲ್ಲ ಸಿದ್ಧ ಮಾಡಿಟ್ಟುಕೊಂಡು ಕೂತಿದ್ದೆವು. ದುರ್ಗದವರು ಈ ಚಿತ್ರವನ್ನು ನೋಡುವ ರೀತಿಯೇ ಬೇರೆ. ರಾಮಾಚಾರಿಯ ಜಗಳಕ್ಕಿಂತ ಅವನ ಬೆನ್ನ ಹಿಂದಿನ ಬಂಡೆಯ ಮೇಲೆ ನಮ್ಮ ಕಣ್ಣು. ಇದು ಯಾವ ಬತ್ತೇರಿ, ಇದು ಯಾವ ಸುತ್ತಿನ ಬಾಗಿಲು, ಈ ಮೆಟ್ಟಿಲು ಈಗಲೂ ಹೀಗೇ ಇದೆಯಾ ಎಂಬ ಚರ್ಚೆ. ಕೋಟೆಯ ಅಕ್ಕ ತಂಗಿ ಹೊಂಡವನ್ನೂ ಏಕನಾಥೇಶ್ವರಿ ಗುಡಿಯನ್ನೂ ದಿನಾ ಕಾಣುವವರಿಗೂ ಅವನ್ನು ಟಿವಿಯಲ್ಲಿ ನೋಡುವಾಗ ಮೈ ಜುಮ್ಮೆನ್ನುತ್ತದೆ. ಓಬವ್ವನಾಗಿ ಜಯಂತಿ ಒನಕೆ ಎತ್ತುವ ಹೊತ್ತಿಗೆ ಮನೆಯ ಹೆಂಗಸರೆಲ್ಲ ಶೇಂಗಾ ಬಿಟ್ಟು ನೆಟ್ಟಗೆ ಕೂತರು.

ಅಣ್ಣನ ಮಗಳು ಐದನೆಯ ತರಗತಿಯಲ್ಲಿದ್ದಾಳೆ. ಅವಳು ಕೇಳಿದಳು: “ಚಿಕ್ಕಪ್ಪ, ಇದು ನಮ್ ಕೋಟೆ ಅಲ್ವಾ?”

“ಹೂಂ ಕಣೇ, ನಮ್ಮದೇ.”

“ಹಂಗಾದ್ರೆ ಈ ಕಥೆ ಬರ್ದೋರೂ ನಮ್ಮೋರೇನಾ?”

ಅದಕ್ಕೆ ಉತ್ತರ ಪರದೆಯ ಮೇಲೆ ಇರಬೇಕಿತ್ತು. ಚಿತ್ರವನ್ನು ನೇರ ಕಥೆಯಿಂದಲೇ ಶುರು ಮಾಡಿದ್ದಿರಿ. ಅಲ್ಲಿ ಏನೇನು ಹೋಯಿತು ಎಂದು ಹೇಳುತ್ತೇನೆ. ತ.ರಾ.ಸು. ಅವರ ಹೆಸರು ಹೋಯಿತು. ಅವರ ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’ ಎಂಬ ಮೂರು ಕಾದಂಬರಿಗಳನ್ನು ಸೇರಿಸಿ ಈ ಚಿತ್ರ ಮಾಡಿದ್ದು ಎಂಬ ಸಂಗತಿ ಹೋಯಿತು. ನಿರ್ಮಾಪಕ ಎನ್. ವೀರಾಸ್ವಾಮಿ, ಸಂಗೀತ ಕೊಟ್ಟ ವಿಜಯಭಾಸ್ಕರ್, ಹಾಡು ಬರೆದ ವಿಜಯನಾರಸಿಂಹ, ಚಿ. ಉದಯಶಂಕರ್, ಆರ್.ಎನ್. ಜಯಗೋಪಾಲ್ ಎಲ್ಲರೂ ಹೋದರು. ನಿಧಾನಗತಿಯಲ್ಲಿ ತೆಗೆದ ಹಾಡೊಂದನ್ನು ಅರ್ಧ ಶತಮಾನ ಕಳೆದರೂ ಜನ ಬಾಯಿ ತೆರೆದುಕೊಂಡು ನೋಡುವಂತೆ ಮಾಡಿದ ಛಾಯಾಗ್ರಾಹಕ ಚಿಟ್ಟಿಬಾಬು ಹೋದರು. 1972ರ ಡಿಸೆಂಬರ್ ಕೊನೆಗೆ ಈ ಚಿತ್ರ ತೆರೆಕಂಡಾಗ ಮೈಸೂರಿನ ಸಂಪತ್ ಕುಮಾರ್ ‘ವಿಷ್ಣುವರ್ಧನ್’ ಎಂಬ ಹೆಸರಿನಲ್ಲಿ ನಾಯಕನಾದದ್ದೂ, ಜಲೀಲನಾಗಿ ಅಂಬರೀಷ್ ಮೊದಲ ಸಲ ಬಂದದ್ದೂ ಹೆಸರುಪಟ್ಟಿಯಲ್ಲಿ ಓದಿ ಸಂತೋಷಪಡುವ ಸಂಗತಿಗಳು. ನಿರ್ದೇಶಕ ಪುಟ್ಟಣ್ಣನವರ ಹೆಸರು ಕೂಡ ಉಳಿಯಲಿಲ್ಲ ಎಂದಮೇಲೆ ಇನ್ನು ಹೇಳುವುದೇನು?

ತ.ರಾ.ಸು. ಅವರಿಗೆ ಈ ಚಿತ್ರ ಹಿಡಿಸಲಿಲ್ಲ. ನಾಗರಹಾವನ್ನು ಕೇರೆಹಾವು ಮಾಡಿಬಿಟ್ಟರು ಎಂದು ಅವರು ಅಂದರೆಂಬ ಮಾತು ದುರ್ಗದಲ್ಲಿ ಇವತ್ತಿಗೂ ಓಡಾಡುತ್ತದೆ. ಕಾದಂಬರಿಕಾರ ಮತ್ತು ನಿರ್ದೇಶಕ ಇಬ್ಬರೂ ದೊಡ್ಡವರು, ಇಬ್ಬರ ಕಣ್ಣಿನಲ್ಲೂ ಬೇರೆ ಬೇರೆ ರಾಮಾಚಾರಿ ಇದ್ದ. ಕಾದಂಬರಿ ಓದಿ, ಸಿನಿಮಾ ನೋಡಿ, ಯಾರದು ಸರಿ ಎಂದು ಕಟ್ಟೆಯ ಮೇಲೆ ವಾದ ಮಾಡುತ್ತಾ ಬೆಳೆದವರು ನಮ್ಮ ಹಿಂದಿನ ತಲೆಮಾರಿನವರು. ಇದಕ್ಕೊಂದು ಕಾದಂಬರಿ ಇತ್ತು ಎಂಬುದೇ ಗೊತ್ತಿಲ್ಲದ ಮಗುವಿಗೆ ಆ ವಾದದ ಸುಖ ಎಲ್ಲಿಂದ ಸಿಗಬೇಕು? ಆ ಮೂರು ಕಾದಂಬರಿಗಳು ಊರ ಗ್ರಂಥಾಲಯದಲ್ಲಿ ಸಿಕ್ಕಾವು. ಹೋಗಿ ಹುಡುಕಬೇಕಾದರೆ ಹೆಸರು ಗೊತ್ತಿರಬೇಕಲ್ಲ.

ಇದೇ ಕಥೆ ಹಿಂದಿಗೆ ‘ಜಹರೀಲಾ ಇನ್ಸಾನ್’ ಆಗಿ ಹೋಯಿತು. ಅದನ್ನೂ ಪುಟ್ಟಣ್ಣನವರೇ ನಿರ್ದೇಶಿಸಿದರು, ರಿಷಿ ಕಪೂರ್ ನಾಯಕ. ತೆಲುಗಿನಲ್ಲಿ ‘ಕೋಡೆನಾಗು’, ತಮಿಳಿನಲ್ಲಿ ‘ರಾಜನಾಗಂ’. ಮೂರೂ 1974ರಲ್ಲೇ ಬಂದವು. ಅದಕ್ಕೂ ಹಿಂದೆ 1956ರಲ್ಲಿ ಬಂದ ಹಿಂದಿಯ ‘ಬಸಂತ್ ಬಹಾರ್’ ಚಿತ್ರದ ಕಥೆಗೆ ಮೂಲ ತ.ರಾ.ಸು. ಅವರ ‘ಹಂಸಗೀತೆ’. ಭೀಮಸೇನ ಜೋಷಿ ಮತ್ತು ಮನ್ನಾ ಡೇ ಜೊತೆಗೆ ಹಾಡಿದ ಚಿತ್ರ ಅದು. ಗದಗಿನ ಕಂಠ, ದುರ್ಗದ ಕಥೆ, ಮುಂಬಯಿಯ ಸಿನಿಮಾ. ಇದನ್ನು ಮೊದಲ ಸಲ ತಿಳಿದಾಗ ನಾನು ಪಟ್ಟ ಹೆಮ್ಮೆ ಇಷ್ಟಿಷ್ಟಲ್ಲ. ನಮ್ಮ ಊರುಗಳ ಹುಡುಗರಿಗೆಲ್ಲ ಆ ಹೆಮ್ಮೆ ಸಿಗಲಿ ಎಂಬುದು ನನ್ನ ಆಸೆ.

ಹೆಸರುಗಳ ಹಾಗೆಯೇ ಕತ್ತರಿಗೆ ಸಿಗುವ ಚೌಕಟ್ಟಿನ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಹಳೆಯ ಚಿತ್ರಗಳ ಚೌಕಟ್ಟು ಹೆಚ್ಚುಕಡಿಮೆ ಚೌಕ: ಅಗಲ ನಾಲ್ಕು ಪಾಲಾದರೆ ಎತ್ತರ ಮೂರು ಪಾಲು. ಈಗಿನ ಟಿವಿಯ ಪರದೆ 16ಕ್ಕೆ 9. ಹಳೆಯದನ್ನು ಹೊಸ ಪರದೆಗೆ ಎಳೆದು ತುಂಬಿಸಿದರೆ ಆರತಿಯವರ ಮುಖ ಅಗಲವಾಗುತ್ತದೆ. ದೊಡ್ಡದು ಮಾಡಿ ಮೇಲೆ ಕೆಳಗೆ ಕತ್ತರಿಸಿದರೆ ಚಾಮಯ್ಯ ಮೇಷ್ಟ್ರ ಹಣೆ ಹೋಗುತ್ತದೆ, ಅವರ ತಲೆಯ ಮೇಲಿನ ಕೋಟೆಯ ತೆನೆಯೂ ಹೋಗುತ್ತದೆ. 2018ರಲ್ಲಿ ‘ನಾಗರಹಾವು’ ಚಿತ್ರವನ್ನು ಹೊಸ ಬಣ್ಣ, ಹೊಸ ಧ್ವನಿ ಕೊಟ್ಟು ಸಿನಿಮಾಸ್ಕೋಪಿನಲ್ಲಿ ಬಿಡುಗಡೆ ಮಾಡಿದರು, ನಾವೂ ಸಂಭ್ರಮದಿಂದ ನೋಡಿದೆವು. ಆದರೂ ಎತ್ತರದ ಬಂಡೆಗಳ ಊರನ್ನು ಎತ್ತರದ ಚೌಕಟ್ಟಿನಲ್ಲಿ ನೋಡುವುದೇ ಚೆಂದ. ಎರಡು ಬದಿಗೆ ಕಪ್ಪು ಪಟ್ಟಿ ಬಂದರೆ ಬರಲಿ. ನೋಡುವವರಿಗೆ ಅದು ಎರಡು ನಿಮಿಷದಲ್ಲಿ ಒಗ್ಗುತ್ತದೆ.

ರಾತ್ರಿ ಊಟವಾದ ಮೇಲೆ ‘ವೀರ ಮದಕರಿ’. ಸುದೀಪ್ ನಟಿಸಿ ನಿರ್ದೇಶಿಸಿದ 2009ರ ಚಿತ್ರ. ಮದಕರಿಪುರದ ಮನೆಯೊಂದರಲ್ಲಿ ಈ ಹೆಸರಿನ ಚಿತ್ರ ಬಂದರೆ ಮಕ್ಕಳು ಏನು ಕೇಳುತ್ತಾರೆಂದು ನೀವೇ ಊಹಿಸಿ. ನಮ್ಮ ಹುಡುಗಿಗೆ ಕುದುರೆ, ಕತ್ತಿ, ಹೈದರಾಲಿಯ ಸೈನ್ಯ ಕಾಣಬೇಕಿತ್ತು. ಕಂಡದ್ದು ಪೊಲೀಸ್ ಅಧಿಕಾರಿ. ರಾಜಮೌಳಿಯವರ 2006ರ ತೆಲುಗು ಚಿತ್ರ ‘ವಿಕ್ರಮಾರ್ಕುಡು’ ಇದರ ಮೂಲ ಎಂದು ಅವಳಿಗೆ ವಿವರಿಸಿದೆ. ನಮ್ಮ ಮದಕರಿಯ ಕಥೆ ಸಿನಿಮಾದಲ್ಲಿ ಬೇಕಾದರೆ ‘ಕಲ್ಲರಳಿ ಹೂವಾಗಿ’ ನೋಡಬೇಕು ಎಂದೂ ಹೇಳಿದೆ. ನಮ್ಮ ದುರ್ಗದ ಬಿ.ಎಲ್. ವೇಣು ಅವರ ಕಥೆ, ಟಿ.ಎಸ್. ನಾಗಾಭರಣ ನಿರ್ದೇಶನ. 2006ರ ಚಿತ್ರಗಳ ಪೈಕಿ ರಾಷ್ಟ್ರೀಯ ಭಾವೈಕ್ಯಕ್ಕಾಗಿ ಆಗ ಕೊಡುತ್ತಿದ್ದ ನರ್ಗಿಸ್ ದತ್ ಪ್ರಶಸ್ತಿ ಅದಕ್ಕೆ ಬಂತು. ಅದರಲ್ಲಿ ಮದಕರಿ ನಾಯಕನಾಗಿ ಬರುವವರು ಅಂಬರೀಷ್. ಸಂಜೆ ಅದೇ ಕೋಟೆಯ ಊರಿನಲ್ಲಿ ಜಲೀಲನಾಗಿ ಹುಡುಗಿಯರನ್ನು ಕಾಡುತ್ತಿದ್ದ ಹುಡುಗ ಮೂವತ್ತನಾಲ್ಕು ವರ್ಷದ ನಂತರ ಆ ಕೋಟೆಯ ದೊರೆಯಾದ ಎಂದು ಹೇಳಿದಾಗ ಅವಳ ಕಣ್ಣರಳಿದ್ದನ್ನು ನೀವು ನೋಡಬೇಕಿತ್ತು. ಹೆಸರು, ವರ್ಷ ಗೊತ್ತಿದ್ದರೆ ಒಂದು ಚಿತ್ರದಿಂದ ಇನ್ನೊಂದು ಚಿತ್ರಕ್ಕೆ ದಾರಿ ಸಿಗುತ್ತದೆ. ಗೊತ್ತಿಲ್ಲದಿದ್ದರೆ ಪ್ರತಿ ಸಿನಿಮಾವೂ ಒಂಟಿ.

ನಿಮ್ಮ ಕೆಲಸದ ಕಷ್ಟ ನನಗೆ ತಿಳಿಯದ್ದಲ್ಲ. ವಾರಕ್ಕೊಮ್ಮೆ ಬರುವ ಬಾರ್ಕ್ ವೀಕ್ಷಣೆಯ ಅಂಕಿಗಳ ಮೇಲೆ ನಿಮ್ಮ ವಾಹಿನಿಯ ಆದಾಯ ನಿಂತಿದೆ. ಆರಂಭದ ಹೆಸರುಗಳು ಓಡುವಾಗ ನೋಡುಗ ಬೇರೆ ವಾಹಿನಿಗೆ ಹೋಗುತ್ತಾನೆಂಬ ಭಯ ನಿಮಗಿದೆ. ಜಾಹೀರಾತಿಗೆ ನಿಯಮದ ಮಿತಿಯೂ ಇದೆ: ಒಂದು ಗಂಟೆಯಲ್ಲಿ ನಿಮ್ಮದೇ ಕಾರ್ಯಕ್ರಮಗಳ ಪ್ರಚಾರವೂ ಸೇರಿ 12 ನಿಮಿಷ. ಹೀಗಾಗಿ ಚಿತ್ರದಲ್ಲೇ ಎಲ್ಲಿ ಕತ್ತರಿಸಲು ಸಾಧ್ಯ ಎಂದು ಹುಡುಕುವವರಿಗೆ ಹೆಸರುಗಳೇ ಮೊದಲು ಸಿಗುತ್ತವೆ. ಆದರೆ ಚಿತ್ರ ನಡೆಯುತ್ತಿರುವಾಗ ಪರದೆಯ ಕೆಳಗೆ ಮುಂದಿನ ಧಾರಾವಾಹಿಯ, ಮುಂದಿನ ವಾರದ ಚಿತ್ರದ ಪಟ್ಟಿಯನ್ನು ನೀವು ಓಡಿಸುತ್ತೀರಿ. ಅದೇ ಜಾಗದಲ್ಲಿ, ಪ್ರತಿ ಜಾಹೀರಾತಿನ ಬಿಡುವು ಮುಗಿದ ಮೇಲೆ ಹತ್ತು ಸೆಕೆಂಡು, ಚಿತ್ರದ ಹೆಸರು, ವರ್ಷ, ಕಥೆ, ನಿರ್ದೇಶನ, ಸಂಗೀತ ಎಂದು ಒಂದು ಸಾಲು ಓಡಿಸಿದರೆ ಒಂದು ಸೆಕೆಂಡಿನ ಜಾಹೀರಾತೂ ನಷ್ಟವಾಗದು. ನಡುವೆ ಬಂದು ಸೇರಿಕೊಂಡವರಿಗೂ ಅದು ಅನುಕೂಲ. ನಮ್ಮಲ್ಲಿ ಹೆಚ್ಚಿನವರು ಸಿನಿಮಾಕ್ಕೆ ಬಂದು ಸೇರಿಕೊಳ್ಳುವುದು ನಡುವಿನಲ್ಲೇ. ಹಾಲು ಕರೆದು, ದನ ಕಟ್ಟಿ, ಕರೆಂಟು ಬಂದ ಮೇಲೆ ಮೋಟರು ಹಾಕಿ ಬರುವ ಹೊತ್ತಿಗೆ ಅರ್ಧ ಗಂಟೆ ಆಗಿಹೋಗಿರುತ್ತದೆ.

ಡಬ್ ಆದ ಚಿತ್ರವಾದರೆ ಮೂಲ ಭಾಷೆ, ಮೂಲದ ಹೆಸರು, ಕನ್ನಡದ ಸಂಭಾಷಣೆ ಯಾರದು, ದನಿ ಯಾರದು ಎಂದು ಹಾಕಿ. ಹಳೆಯ ಚಿತ್ರಗಳಿಗಂತೂ ಆರಂಭದ ಹೆಸರುಗಳನ್ನು ಮುಟ್ಟಲೇಬೇಡಿ. ಆ ಕಾಲದವರು ಅವನ್ನು ಎಷ್ಟು ಮುದ್ದಾಗಿ ಬರೆಸುತ್ತಿದ್ದರು! ಆ ಕೈಬರಹವೇ ಒಂದು ಕಲೆ. ಅದನ್ನು ಬರೆದ ಕಲಾವಿದನ ಹೆಸರೂ ಆ ಸಾಲಿನಲ್ಲಿ ಎಲ್ಲೋ ಸಣ್ಣದಾಗಿ ಇರುತ್ತದೆ.

ನಮ್ಮ ಚಂದ್ರವಳ್ಳಿಯ ಬಂಡೆಯ ಮೇಲೆ ಕದಂಬರ ಮಯೂರಶರ್ಮನ ಶಾಸನವಿದೆ. ಅಲ್ಲಿನ ಕೆರೆಯ ಕೆಲಸ ಮಾಡಿಸಿದವನು ಯಾರೆಂದು ಅದು ಹದಿನಾರು ಶತಮಾನಗಳಿಂದ ಹೇಳುತ್ತಿದೆ. 1975ರ ‘ಮಯೂರ’ದಲ್ಲಿ ರಾಜ್‌ಕುಮಾರ್ ಅವರ ರೂಪದಲ್ಲಿ ನೀವು ತೋರಿಸುವ ದೊರೆ ಈ ಮಯೂರಶರ್ಮನೇ. ಮಾಡಿದವರ ಹೆಸರನ್ನು ಮಾಡಿದ ಕೆಲಸದ ಪಕ್ಕದಲ್ಲೇ ಉಳಿಸುವುದು ಈ ನೆಲದ ಹಳೆಯ ಪದ್ಧತಿ. ಅದನ್ನು ಮುಂದುವರಿಸಿ ಎಂದು ಕೇಳಲು ನಮಗೆ ಹಕ್ಕಿದೆ ಎಂದುಕೊಂಡಿದ್ದೇನೆ.

ಕೊನೆಯದಾಗಿ ಒಂದು ಬೇಡಿಕೆ. ತ.ರಾ.ಸು. ಹುಟ್ಟಿದ್ದು 1920ರ ಏಪ್ರಿಲ್ 21ರಂದು. ‘ಕಂಬನಿಯ ಕುಯಿಲು’, ‘ರಕ್ತರಾತ್ರಿ’, ‘ತಿರುಗುಬಾಣ’ ಬರೆದು ದುರ್ಗದ ಚರಿತ್ರೆಯನ್ನು ಮನೆಮನೆಗೆ ತಲುಪಿಸಿದವರು ಅವರು. ‘ದುರ್ಗಾಸ್ತಮಾನ’ಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು 1985ರಲ್ಲಿ. ಅಷ್ಟರಲ್ಲಿ ಅವರು ತೀರಿಕೊಂಡು ಒಂದು ವರ್ಷವಾಗಿತ್ತು. ಮುಂದಿನ ಏಪ್ರಿಲ್ 21ರ ಇಡೀ ದಿನವನ್ನು ನಿಮ್ಮಲ್ಲಿ ಯಾರಾದರೂ ಒಬ್ಬರು ಅವರ ಕಥೆಗಳ ಚಿತ್ರಗಳಿಗೆ ಬಿಟ್ಟುಕೊಡಿ. ಬೇಕಾದಷ್ಟು ಚಿತ್ರಗಳಿವೆ. ಬೆಳಿಗ್ಗೆ ಟಿ.ವಿ. ಸಿಂಗ್ ಠಾಕೂರ್ ಅವರ ‘ಚಂದವಳ್ಳಿಯ ತೋಟ’ ಹಾಕಿ. 1964ರಲ್ಲಿ ಕನ್ನಡಕ್ಕೆ ರಾಷ್ಟ್ರಪತಿಗಳ ರಜತ ಪದಕ ತಂದ ಆ ಚಿತ್ರವನ್ನು ಈಗಿನವರು ನೋಡಿಯೇ ಇಲ್ಲ. ಅದಾದ ಮೇಲೆ ಪೇಕೇಟಿ ಶಿವರಾಂ ಅವರ ‘ಚಕ್ರತೀರ್ಥ’. ಮಧ್ಯಾಹ್ನ ಹೆಂಗಸರು ಬಿಡುವಾಗುವ ಹೊತ್ತಿಗೆ ದೊರೆ–ಭಗವಾನ್ ಅವರ ‘ಗಾಳಿಮಾತು’. ಸಂಜೆ ‘ನಾಗರಹಾವು’, ಅದರ ಬೆನ್ನಿಗೇ ‘ಮಸಣದ ಹೂವು’. ಎರಡರಲ್ಲೂ ಪುಟ್ಟಣ್ಣ, ಎರಡರಲ್ಲೂ ಅಂಬರೀಷ್, ಎರಡರಲ್ಲೂ ಜಯಂತಿ. ನಡುವಿನ ಹನ್ನೆರಡು ವರ್ಷಗಳಲ್ಲಿ ಅವರು ಮೂವರೂ ಎಷ್ಟು ಮಾಗಿದರು ಎಂದು ಒಂದೇ ಸಂಜೆಯಲ್ಲಿ ನೋಡಬಹುದು.

ರಾತ್ರಿಗೆ ಜಿ.ವಿ. ಅಯ್ಯರ್ ಅವರ 1975ರ ‘ಹಂಸಗೀತೆ’ ಇರಲಿ. ಎಂ. ಬಾಲಮುರಳಿಕೃಷ್ಣ ಅವರಿಗೆ ಗಾಯನಕ್ಕೆ ರಾಷ್ಟ್ರಪ್ರಶಸ್ತಿ ತಂದುಕೊಟ್ಟ ಚಿತ್ರ. ಭೈರವಿ ವೆಂಕಟಸುಬ್ಬಯ್ಯನಾಗಿ ಅನಂತನಾಗ್ ಹಾಡುವಾಗ ಹಾಡಿನ ಮಧ್ಯೆ ಮಾತ್ರ ಜಾಹೀರಾತು ಹಾಕಬೇಡಿ. ಆಲಾಪನೆ ಮುಗಿದ ಮೇಲೆ ಎಷ್ಟು ಬೇಕಾದರೂ ಹಾಕಿಕೊಳ್ಳಿ, ನಾವು ಎದ್ದು ಹೋಗುವುದಿಲ್ಲ.

ಇಂತಿ,
ಮದಕರಿಪುರದ ಒಬ್ಬ ವೀಕ್ಷಕ
ಚಿತ್ರದುರ್ಗ ತಾಲ್ಲೂಕು